ಅತ್ತೆಯ ಕೋಟು ತೊಟ್ಟ ಮೊಟ್ಟೆ

ಮೊಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ನೆಟ್ಟಗೆ ಹಿಡಿದು, ಎಡಗಣ್ಣು ಮುಚ್ಚಿ, ತಲೆಬಾಗಿಲಿನಿಂದ ಬೀಳುವ ಬೆಳಗಿನ ಬಿಸಿಲಿಗೆ ಎತ್ತಿ ನೋಡುತ್ತಿದ್ದರು ನಮ್ಮ ಅತ್ತೆ. ನೋಡುವಾಗ ಕೆಳತುಟಿ ಮುಂದೆ ಬರುತ್ತಿತ್ತು, ಮೂಗಿನ ಎರಡೂ ಬದಿಯ ಮೂಗುಬೊಟ್ಟುಗಳು ಒಂದಿಷ್ಟು ಮೇಲೇರುತ್ತಿದ್ದವು. ಮೊಟ್ಟೆ ಮಾರುವ ಹೆಂಗಸು ಬುಟ್ಟಿ ಇಳಿಸಿ ಹೊಸ್ತಿಲ ಹೊರಗೆ ಕೂತು ಸುಮ್ಮನೆ ಕಾಯುತ್ತಿದ್ದಳು. ಒಳಗೆ ನೆರಳಾಡದ ಮೊಟ್ಟೆ ಅತ್ತೆಯ ಸೆರಗಿಗೆ, ನೆರಳಾಡಿದ್ದು ಮಾತಿಲ್ಲದೆ ವಾಪಸ್ ಬುಟ್ಟಿಗೆ. ಮದುವೆಯಾಗಿ ಆ ಮನೆಗೆ ಕಾಲಿಟ್ಟ ಮಾರನೆಯ ಬೆಳಗ್ಗೆ ನಾನು ಕಂಡ ಮೊದಲ ದೃಶ್ಯ ಇದು. ಹೆಣ್ಣು ನೋಡಲು ನಮ್ಮೂರಿಗೆ ಬಂದಾಗ ನನ್ನನ್ನೂ ಹೀಗೇ ನೋಡಿದ್ದರು ಎಂಬುದು ಆಗ ನೆನಪಾಯಿತು.

ಅದು ಎಪ್ಪತ್ತರ ದಶಕದ ಆರಂಭ. ಬಳ್ಳಾರಿಯಲ್ಲಿ, ಬ್ರೂಸ್‌ಪೇಟೆಯ ಹಿಂದಿನ ಓಣಿಯೊಂದರಲ್ಲಿ ನಮ್ಮ ಬಾಡಿಗೆ ಮನೆ. ನನ್ನ ಗಂಡ ಹತ್ತಿ ಮಿಲ್ಲೊಂದರಲ್ಲಿ ಗುಮಾಸ್ತರು, ತಾಯಿಗೆ ಒಬ್ಬರೇ ಮಗ. ಮಾವ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು. ಹೀಗಾಗಿ ಮನೆಯಲ್ಲಿ ಮೂವರೇ, ಅದರಲ್ಲಿ ಮಾತಾಡುವವರು ಮಾತ್ರ ಒಬ್ಬರೇ.

ಅತ್ತೆ ಸಿರುಗುಪ್ಪದವರು. ಕಾಲುವೆ ನೀರು, ಭತ್ತದ ಗದ್ದೆ, ಹೊತ್ತು ಹೊತ್ತಿಗೆ ಅನ್ನ. ನಾನು ಕುರುಗೋಡಿನವಳು. ನಮ್ಮದು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಚಟ್ನಿಪುಡಿ. ಇದನ್ನು ಅವರು ಊಟ ಎಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನನ್ನ ತವರಿನಿಂದ ಪುಡಿಯ ಡಬ್ಬಿಗಳು ಬಂದಾಗಲೆಲ್ಲ, ನಿಮ್ಮೂರಾಗ ಮಂದಿ ಧೂಳು ತಿಂದು ಬದುಕ್ತಾರೇನು ಎಂದು ಕೇಳುತ್ತಿದ್ದರು. ಕೇಳಿದ ಮೇಲೆ ಡಬ್ಬಿಯನ್ನು ತಾವೇ ಎತ್ತಿ ಜೋಪಾನವಾಗಿ ಮೇಲಿನ ಹಲಗೆಗೆ ಇಡುತ್ತಿದ್ದರು. ಹಂಗಿಸುವುದು ಬೇರೆ, ಆಹಾರ ಕೆಡಿಸುವುದು ಬೇರೆ.

ಸುಗ್ಗಿ ಮುಗಿದ ಮೇಲೆ ಅವರ ಪಾಲಿನ ಅಕ್ಕಿ ಸಿರುಗುಪ್ಪದಿಂದ ಬಸ್ಸಿನ ತಲೆಯ ಮೇಲೆ ಬರುತ್ತಿತ್ತು. ಮೂಟೆ ಬಿಚ್ಚುವ ಹಕ್ಕು ಅವರದೇ. ಒಂದು ಹಿಡಿ ಅಕ್ಕಿ ತೆಗೆದು ಮೂಸಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಟಂ ಎಂದು ಕಡಿದು, ಯಾವ ಗದ್ದೆಯದು ಎಂದು ಹೇಳುತ್ತಿದ್ದರು. ಸರಿಯೋ ತಪ್ಪೋ ಯಾರಿಗೆ ಗೊತ್ತು, ಎದುರು ಹೇಳುವ ಧೈರ್ಯ ನಮಗಿರಲಿಲ್ಲ.

ಅಂಥವರಿಗೆ ಸಕ್ಕರೆ ಕಾಯಿಲೆ ಬಂತು.

ಬಂದದ್ದು ಗೊತ್ತಾದದ್ದೇ ಒಂದು ಮುಳ್ಳಿನಿಂದ. ಹಲಕುಂದಿಯ ಮಠಕ್ಕೆ ನಡೆದುಕೊಂಡೇ ಹೋಗಿ ಬರುತ್ತೇನೆಂದು ಹೊರಟವರು ಸಂಜೆ ವಾಪಸಾದರು. ಕೈಕಾಲು ತೊಳೆದು ಒಳಗೆ ಬಂದರೆ ಬಂಡೆಯ ನೆಲದ ಮೇಲೆ ಹೆಜ್ಜೆಗೊಂದು ಕೆಂಪು ಗುರುತು. ನಾನೇ ಕೂರಿಸಿ ಪಾದ ಎತ್ತಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಬಳ್ಳಾರಿ ಜಾಲಿಯ ಮುಳ್ಳು, ಚಪ್ಪಲಿ ತೂರಿ ಒಳಗೆ ಮುರಿದು ನಿಂತಿತ್ತು. ಯಾವಾಗ ಚುಚ್ಚಿತು ಎಂದರೆ, ಎಲ್ಲಿ ಚುಚ್ಚಿದೆ ಎಂದು ನನ್ನನ್ನೇ ಕೇಳಿದರು. ಅವರಿಗೆ ನೋವೇ ಗೊತ್ತಾಗಿರಲಿಲ್ಲ. ಮುಳ್ಳು ತೆಗೆದೆವು, ಅರಿಶಿನ ಮೆತ್ತಿದೆವು. ಗಾಯ ಮಾತ್ರ ಮಾಯಲಿಲ್ಲ. ಅಂಚು ಕಪ್ಪಾಗುತ್ತ ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಡಾಕ್ಟರು ಶಾಂತ ಸ್ವಭಾವದವರು. ಗುಳಿಗೆ ಬರೆದರು. ಅನ್ನ, ಬೆಲ್ಲ, ಗೆಡ್ಡೆ, ಮೈದಾ ಪೂರ್ತಿ ಬಂದ್. ರೊಟ್ಟಿಯೂ ಸದ್ಯಕ್ಕೆ ಬೇಡ. ಕರಿದದ್ದು ಮುಟ್ಟುವ ಹಾಗಿಲ್ಲ. ಮೊಟ್ಟೆ, ಕೊಬ್ಬಿಲ್ಲದ ಮಾಂಸ, ಸೊಪ್ಪು, ಮಜ್ಜಿಗೆ ತೆಗೆದುಕೊಳ್ಳಬಹುದು ಎಂದರು. ಅತ್ತೆ ಕೇಳುವುದೆಲ್ಲ ಕೇಳಿ, ಹಂಗಾದ್ರ ಉಣ್ಣೋದೇನು ಎಂದು ಕೇಳಿದರು. ಆಗ ಡಾಕ್ಟರು ಅತ್ತೆಯ ಪಾದವನ್ನು ಸ್ಟೂಲಿನ ಮೇಲಿಂದ ಇಳಿಸದೆಯೇ ಹೇಳಿದರು:

“ಅಮ್ಮ, ಮುಂದಿನ ತಿಂಗಳು ಬರೋದ್ರಾಗ ಗಾಯ ಒಣಗೋ ಲಕ್ಷಣ ಕಾಣಬೇಕು. ಇಲ್ಲಾಂದ್ರ ಬೆರಳು ತೆಗಿಬೇಕಾಗ್ತೈತಿ. ಬೆರಳಿಗೇ ನಿಲ್ತೈತಿ ಅಂತ ನಾನು ಹೇಳಂಗಿಲ್ಲ.”

ಅತ್ತೆಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಿರುಗುಪ್ಪದಲ್ಲಿ ಅವರ ಅಕ್ಕನಿಗೆ ಇದೇ ಕಾಯಿಲೆಯಲ್ಲಿ ಮೊಣಕಾಲಿನವರೆಗೆ ಕಾಲು ತೆಗೆದಿದ್ದರು. ಸಾಯುವವರೆಗೆ ಆಕೆಯನ್ನು ಬಚ್ಚಲಿಗೆ ಹೊತ್ತುಕೊಂಡು ಹೋಗುತ್ತಿದ್ದದ್ದನ್ನು ಇವರು ಕಣ್ಣಾರೆ ಕಂಡಿದ್ದರು. ಜಟಕಾದಲ್ಲಿ ಮನೆಗೆ ಬರುವಾಗ ಒಂದೇ ಮಾತು ಆಡಿದರು, ಅದೂ ನನ್ನ ಕಡೆ ನೋಡದೆ.

“ನನ್ನ ಬಚ್ಚಲಿಗೆ ನಾನು ನಡ್ಕೊಂಡು ಹೋಗಬೇಕು. ಅಷ್ಟಾದ್ರ ಸಾಕು.”

ಆ ಸಂಜೆಯಿಂದಲೇ ಅನ್ನ ಬಿಟ್ಟರು. ಆದರೆ ಹಸಿವೆಗೆ ಪಥ್ಯ ಗೊತ್ತಾಗುತ್ತದೆಯೇ? ಬೇಯಿಸಿದ ಮೊಟ್ಟೆ, ಸೊಪ್ಪಿನ ಪಲ್ಯ ತಿಂದು ಎದ್ದರೆ ಹೊಟ್ಟೆ ತುಂಬಿದ ಸಮಾಧಾನ ಇಲ್ಲ. ಮನೆಯಲ್ಲಿ ಎಲ್ಲರ ಮೇಲೂ ರೇಗಾಟ. ಬೀದಿಯಲ್ಲಿ ಹೋಗುವ ತರಕಾರಿಯವನ ಮೇಲೂ ರೇಗಾಟ. ಹೀಗೇ ಆದರೆ ಈಕೆ ಇನ್ನೊಂದು ವಾರಕ್ಕೆ ಅನ್ನದ ಪಾತ್ರೆಗೆ ಕೈ ಹಾಕುತ್ತಾರೆ ಎಂದು ನನ್ನ ಗಂಡ ನನ್ನ ಕಿವಿಯಲ್ಲಿ ಹೇಳಿದರು. ಹೇಳಿದ್ದು ಒಳಗಿದ್ದ ಅತ್ತೆಗೆ ಕೇಳಿಸಿತು. ಎರಡು ದಿನ ಮಗನೊಂದಿಗೆ ಮಾತು ಬಿಟ್ಟರು.

ಮೂರನೆಯ ದಿನ ಬೆಳಗ್ಗೆ ಎದ್ದವರೇ, ಕೋಟು ಹಾಕ್ಕೊಂಡ ಮೊಟ್ಟಿ ಮಾಡೋಣ ಎಂದರು.

ಮಾವ ಬದುಕಿದ್ದಾಗ ದಂಡು ಪ್ರದೇಶದ ದೊರೆಗಳ ಬಂಗಲೆಯೊಂದಕ್ಕೆ ಅಕ್ಕಿ ಹಾಕುತ್ತಿದ್ದರಂತೆ. ಒಮ್ಮೆ ಅಲ್ಲಿಯ ಬಟ್ಲರು ಒಂದು ತಿನಿಸು ಕೊಟ್ಟು ಕಳಿಸಿದ್ದ. ಬೇಯಿಸಿದ ಮೊಟ್ಟೆಯ ಸುತ್ತ ಕೈಮಾ, ಕೈಮಾದ ಮೇಲೆ ಬ್ರೆಡ್ಡಿನ ಪುಡಿ, ಎಣ್ಣೆಯಲ್ಲಿ ಕರಿದದ್ದು. ಒಂದು ತಿಂದರೆ ಮಧ್ಯಾಹ್ನದವರೆಗೆ ಹಸಿವೇ ಆಗಲಿಲ್ಲ ಎಂದು ಅತ್ತೆಗೆ ನೆನಪಿತ್ತು. ಹೆಸರು ಆಗಲೂ ಗೊತ್ತಿರಲಿಲ್ಲ, ಆಮೇಲೂ ಗೊತ್ತಾಗಲಿಲ್ಲ. ಬ್ರೆಡ್ಡು ತೆಗೆದು ಹಾಕಿ, ಕರಿಯುವುದು ಬಿಟ್ಟು ಸುಟ್ಟರೆ ಡಾಕ್ಟರು ಹೇಳಿದ ಗೆರೆಯೊಳಗೇ ಬರುತ್ತದಲ್ಲ ಎಂಬುದು ಅವರ ವಾದ. ತಪ್ಪು ಹುಡುಕಲು ನಮಗೆ ಏನೂ ಸಿಗಲಿಲ್ಲ.

ಮೊದಲ ಸಲ ಮಾಡಿದಾಗ ಕೈಮಾ ಒಡೆದು ಮೊಟ್ಟೆ ಹೊರಗೆ ಇಣುಕಿತು. ಸಾಮಾನ್ಯವಾಗಿ ಕೈಮಾ ಉಂಡೆ ಕಟ್ಟುವಾಗ ನಾವು ಪುಠಾಣಿ, ಅಂದರೆ ಹುರಿಗಡಲೆ, ಅದರ ಪುಡಿಯನ್ನೋ ಅಕ್ಕಿಹಿಟ್ಟನ್ನೋ ಒಂದು ಹಿಡಿ ಸೇರಿಸುತ್ತೇವೆ. ಅದೂ ಬೇಡವೆಂದರೆ ಯಾವುದು ಹಿಡಿದಿಡಬೇಕು? ಅತ್ತೆ ಮೇಲಿನ ಹಲಗೆಯನ್ನು ಸ್ವಲ್ಪ ಹೊತ್ತು ನೋಡಿದರು. ನಿಮ್ಮೂರಿನ ಧೂಳು ಇಳಿಸು ಎಂದರು. ಡಬ್ಬಿಯ ಅಗಸಿ ಪುಡಿಯನ್ನು ಇನ್ನೂ ನುಣ್ಣಗೆ ಕುಟ್ಟಿ, ಮೊಟ್ಟೆಯ ಬಿಳಿಯ ಜೊತೆ ಕೈಮಾಕ್ಕೆ ಸೇರಿಸಿದರೆ ಅಂಟಿನ ಹಾಗೆ ಹಿಡಿಯಿತು. ಈರುಳ್ಳಿಯನ್ನು ಹೆಚ್ಚಿ ಬಟ್ಟೆಯಲ್ಲಿ ಹಿಂಡಿ ನೀರು ತೆಗೆಯಬೇಕು ಎಂಬುದು ಎರಡನೆಯ ಪಾಠ. ಕೈ ಒದ್ದೆ ಮಾಡಿಕೊಂಡು, ಕೈಮಾವನ್ನು ಅಂಗೈ ಮೇಲೆ ತಟ್ಟಿ, ನಡುವೆ ಮೊಟ್ಟೆ ಇಟ್ಟು, ಮಗುವಿಗೆ ಕುಲಾವಿ ಕಟ್ಟುವಂತೆ ಸುತ್ತಲಿಂದ ಎಳೆದು ಮುಚ್ಚುತ್ತಿದ್ದರು. ಮೇಲಿನ ಕೋಟಿಗೆ ತರಿತರಿಯಾಗಿ ಕುಟ್ಟಿದ ಶೇಂಗಾ, ಸ್ವಲ್ಪ ಎಳ್ಳು. ಬೆಂದ ಮೇಲೆ ಚಾಕು ಮುಟ್ಟಿಸುತ್ತಿರಲಿಲ್ಲ. ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿ ಕೈಯಲ್ಲಿ ಹಿಡಿದು ಒಂದೇ ಸಲಕ್ಕೆ ಎರಡು ಹೋಳು ಮಾಡುತ್ತಿದ್ದರು. ಕಂದು, ಬಿಳಿ, ಹಳದಿ ಮೂರೂ ಬಣ್ಣ ಅಲುಗಾಡದೆ ಕಾಣುತ್ತಿದ್ದವು.

ಸುಡುವುದಕ್ಕೆ ಬ್ರೂಸ್‌ಪೇಟೆಯ ಬೇಕರಿ. ಹಬ್ಬದ ಮುಂಚೆ ಓಣಿಯ ಹೆಂಗಸರು ನಾನಖಟಾಯಿ ಕಲಸಿ ತಟ್ಟೆಗಳಲ್ಲಿ ಜೋಡಿಸಿ ಅಲ್ಲಿಗೆ ಒಯ್ದು ಸುಡಿಸಿಕೊಂಡು ಬರುವುದು ವಾಡಿಕೆ. ಬೇಕರಿಯ ಸಾಹೇಬರು ಅತ್ತೆಗೆ ಬಹಳ ಹಳೆಯ ಪರಿಚಯದವರು. ಸಂಜೆಯ ಬನ್ನು ಇಳಿಸಿದ ಮೇಲೆ ಭಟ್ಟಿಯಲ್ಲಿ ಉಳಿದ ಕಾವಿನಲ್ಲಿ ನಮ್ಮ ತಟ್ಟೆ ಇಡಲು ಒಪ್ಪಿದರು. ನಾನು ಕೊಟ್ಟು ಬರುವುದು, ತಾಸಿನ ಮೇಲೆ ಹೋಗಿ ತರುವುದು. ಬಂದ ಮೊಟ್ಟೆಗಳು ನೋಡುವ ಹಾಗಿದ್ದವು, ಕೆಂಪಗೆ ಮಿರಿಮಿರಿ. ಅತ್ತೆ ಎರಡೂ ಹೊತ್ತು ಅದನ್ನೇ ತಿಂದರು. ರೇಗಾಟ ನಿಂತಿತು. ಭಟ್ಟಿಯಲ್ಲಿ ಬೆಂದ ಈರುಳ್ಳಿಗೆ ಎಂಥ ಸಿಹಿ ನೋಡು ಎಂದು ನನಗೂ ಒಂದು ಚೂರು ಕೊಟ್ಟರು. ಹೌದು ಎಂದೆ.

ಆದರೆ ನಳಿಗೆ ಹೌದೆನ್ನಲಿಲ್ಲ. ಆ ಕಾಲದಲ್ಲಿ ಸಕ್ಕರೆಯನ್ನು ಮನೆಯಲ್ಲಿ ನೋಡುತ್ತಿದ್ದದ್ದು ಮೂತ್ರದಲ್ಲಿ. ಗಾಜಿನ ನಳಿಗೆಗೆ ನೀಲಿ ಔಷಧ ಹಾಕಿ, ಕೆಲವು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕು. ನೀಲಿಯಾಗೇ ಉಳಿದರೆ ಒಳ್ಳೆಯದು, ಹಸಿರಾದರೆ ಪರವಾಗಿಲ್ಲ, ಹಳದಿಯಿಂದ ಮುಂದೆ ಹೋದರೆ ಕೆಟ್ಟದ್ದು, ಇಟ್ಟಿಗೆ ಬಣ್ಣ ಬಂದರೆ ಮುಗಿಯಿತು. ಅತ್ತೆ ನಳಿಗೆಯನ್ನು ಬಾಗಿಲಿನ ಬೆಳಕಿಗೆ ಹಿಡಿದು ನೋಡಿದರು. ಕಿತ್ತಳೆ. ಎರಡು ದಿನ ಬಿಟ್ಟು ಮತ್ತೆ ನೋಡಿದರು. ಮತ್ತೂ ಕಿತ್ತಳೆ. ಅನ್ನ ಬಿಟ್ಟು ಹತ್ತಿರ ಹತ್ತಿರ ಎರಡು ವಾರ ಆಗಿತ್ತು. ಗಾಯದ ಅಂಚು ಇನ್ನೂ ಕಪ್ಪಗೇ ಇತ್ತು.

ಅವರ ಅನುಮಾನ ನೇರವಾಗಿ ನನ್ನ ಮೇಲೆ ಬಂತು. ಉಂಡೆ ಒಡೆಯಬಾರದೆಂದು ನಾನು ಕದ್ದು ಪುಠಾಣಿ ಹಾಕುತ್ತಿದ್ದೇನೆ ಎಂದುಕೊಂಡರು. ಬಾಯಿ ಬಿಟ್ಟು ಹೇಳಲಿಲ್ಲ. ಮರುದಿನ ಪುಠಾಣಿ ಡಬ್ಬಿ ಅವರ ಮಂಚದ ಕೆಳಗೆ ಹೋಗಿತ್ತು, ಅಷ್ಟೇ. ನನಗೆ ಕೋಪ ಬಂತು, ಅಳುವೂ ಬಂತು. ಆವತ್ತಿನಿಂದ ಕೈಮಾ ಕಲಸುವುದು, ಕಟ್ಟುವುದು ಎಲ್ಲ ಅವರದೇ, ನಾನು ತಟ್ಟೆ ಹೊರುವವಳು ಮಾತ್ರ. ಆದರೂ ನಳಿಗೆ ಕಿತ್ತಳೆ. ಆಮೇಲೆ ಗುಳಿಗೆ ಹಳೆಯದಿರಬೇಕು ಎಂದರು, ಮಜ್ಜಿಗೆ ಬಿಟ್ಟರು, ಶೇಂಗಾದ ಮೇಲೂ ಅನುಮಾನ ಪಟ್ಟರು. ಕೊನೆಗೆ ಒಂದು ಸಂಜೆ, ಕಾಲಿಗೆ ಬಟ್ಟೆ ಸುತ್ತಿಕೊಂಡು, ತಟ್ಟೆ ಹಿಡಿದ ನನ್ನ ಜೊತೆ ತಾವೂ ಜಟಕಾ ಹತ್ತಿದರು. ಮನೆಯಲ್ಲಿ ತಪ್ಪಿಲ್ಲ ಅಂದರೆ ದಾರಿಯಲ್ಲಿ ಇರಬೇಕು ಎಂಬುದು ಅವರ ಲೆಕ್ಕ.

ಬೇಕರಿಯ ಒಳಬಾಗಿಲಿನಲ್ಲಿ ಮೈದಾ ಚೀಲದ ಮೇಲೆ ಕೂತರು. ಸಾಹೇಬರು ಸಂಭ್ರಮದಿಂದ ಚಹಾ ತರಿಸಹೋದರು, ಇವರು ಬೇಡವೆಂದರು. ಮಾತಾಡುತ್ತಲೇ ಸಾಹೇಬರು ನಮ್ಮ ತಟ್ಟೆ ತೆಗೆದುಕೊಂಡರು. ಪಕ್ಕದ ಪರಾತದಲ್ಲಿ ಪುಡಿ ಮಾಡಿಟ್ಟ ಸಿಹಿ ಟೋಸ್ಟಿನ ರಾಶಿ ಇತ್ತು. ಒಂದೊಂದೇ ಮೊಟ್ಟೆಯನ್ನು ಅದರಲ್ಲಿ ಒತ್ತಿ ಒತ್ತಿ ಹೊರಳಿಸಿದರು. ಆಮೇಲೆ ಬನ್ನಿಗೆ ಹಚ್ಚುವ ಸಕ್ಕರೆ ಹಾಲಿನ ಬಟ್ಟಲಿಗೆ ಕುಂಚ ಅದ್ದಿ ಪ್ರತಿಯೊಂದರ ತಲೆಗೂ ಧಾರಾಳವಾಗಿ ಬಳಿದರು. ಬಳಿಯುವಾಗ ನಾಲಿಗೆ ತುದಿ ಹೊರಗೆ ಬಂದಿತ್ತು. ಅಷ್ಟು ಶ್ರದ್ಧೆ.

ನಾನು ಬಾಯಿ ತೆರೆದೆ. ಅತ್ತೆ ನನ್ನ ಮಣಿಕಟ್ಟು ಹಿಡಿದು ಸುಮ್ಮನಿರಿಸಿದರು. ಏಕೆ ಹೀಗೆ ಮಾಡುತ್ತೀರಿ ಎಂದು ತಣ್ಣಗೆ ಕೇಳಿದರು.

“ಬೋಳು ಬೋಳು ಇರ್ತಾವಮ್ಮ ಅವು, ತಟ್ಟಿಗೆ ಬ್ಯಾರೆ ಹತ್ತತಾವು. ನಿಮ್ಮ ಮನಿ ಮಾಲು ನನ್ನ ಭಟ್ಟಿಯಿಂದ ಹಂಗ ಹೋದ್ರ ನನ್ನ ಇಜ್ಜತ್ ಏನಾಗಬೇಕು?”

ಅತ್ತೆ ಕಾಲಿನ ಬಟ್ಟೆ ಬಿಚ್ಚಿದರು. ಗಾಯ ತೋರಿಸಿದರು. ಡಾಕ್ಟರು ಹೇಳಿದ್ದನ್ನೂ, ಅಕ್ಕನ ಕಾಲಿನ ಕಥೆಯನ್ನೂ ಕೋಪವಿಲ್ಲದೆ, ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದರು. ಸಾಹೇಬರ ಕೈಯಲ್ಲಿದ್ದ ಕುಂಚ ಹಾಲಿನ ಬಟ್ಟಲಿಗೆ ಬಿತ್ತು. ಅವರು ಕೆಳಗೆ ಕುಕ್ಕರಗಾಲಲ್ಲಿ ಕೂತು ತಲೆ ಹಿಡಿದುಕೊಂಡು, ತೌಬಾ, ನಾನು ವಿಷ ಹಾಕಿದೆನಲ್ಲಮ್ಮ ಎಂದರು. ನಾವು ಯಾರೂ ಅವರಿಗೆ ಕಾಯಿಲೆಯ ಮಾತು ಹೇಳಿರಲಿಲ್ಲ. ಹೇಳಬೇಕೆಂದು ನಮಗೂ ಹೊಳೆದಿರಲಿಲ್ಲ.

ವಾಪಸ್ ಬರುವಾಗ ನಾನು ಸಾಹೇಬರ ಮೇಲೆ ಕುದಿಯುತ್ತಿದ್ದೆ. ಅತ್ತೆ ಆಗ ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ.

“ಅವನದೇನೈತಿ ಬಿಡು. ನನ್ನ ನಾಲಿಗಿಗೆ ಗೊತ್ತಿತ್ತು. ಈರುಳ್ಳಿ ಸಿಹಿ ಯಾವ್ದು, ಸಕ್ರಿ ಸಿಹಿ ಯಾವ್ದು ಅಂತ ತಿಳಿಯದ ನಾಲಿಗಿಯೇನು ನಂದು? ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತಿತ್ತು.”

ಮನೆಗೆ ಬಂದ ಮೇಲೆ ಮಂಚದ ಕೆಳಗಿನಿಂದ ಪುಠಾಣಿ ಡಬ್ಬಿ ತೆಗೆದು ತಾವೇ ಅಡುಗೆಮನೆಯಲ್ಲಿ ಅದರ ಜಾಗಕ್ಕೆ ಇಟ್ಟರು. ಕ್ಷಮಿಸು ಎನ್ನುವ ಮಾತು ಅವರ ಬಾಯಲ್ಲಿ ಬರುವುದಿಲ್ಲ, ಡಬ್ಬಿ ಬಂತು. ನನಗೆ ಅಷ್ಟು ಸಾಕಾಯಿತು.

ಇನ್ನು ಮೇಲೆ ಮನೆಯಲ್ಲೇ ಸುಡುವುದು ಎಂದು ತೀರ್ಮಾನಿಸಿದರು. ಸಾಹೇಬರ ಮೇಲೆ ಸಿಟ್ಟಿನಿಂದಲ್ಲ. ರುಚಿ ಮಾಡಿ ರೂಢಿಯಾದ ಕೈ, ತಡೆದರೂ ತಡೆಯುವುದಿಲ್ಲ ಎಂದರು. ಆದರೆ ಮನೆಭಟ್ಟಿ ಹೂಡಿಕೊಟ್ಟದ್ದು ಅದೇ ಸಾಹೇಬರು. ಮರುದಿನ ಬೆಳಗ್ಗೆಯೇ ಹಗರಿ ಹೊಳೆಯ ಉಸುಕನ್ನು ಚೀಲದಲ್ಲಿ ಹೊತ್ತುಕೊಂಡು ಬಂದರು. ದಪ್ಪ ತಳದ ಅಗಲ ಬೋಗುಣಿಯಲ್ಲಿ ಉಸುಕು ಹರವಿ, ಮೇಲೆ ಕಬ್ಬಿಣದ ಬಳೆಯಂಥದೊಂದು ಇಟ್ಟು, ಅದರ ಮೇಲೆ ತಟ್ಟೆ. ಮುಚ್ಚಳದ ಮೇಲೆ ಕೆಂಡ, ಕೆಳಗೆ ಇದ್ದಿಲು ಒಲೆಯ ಸಣ್ಣ ಉರಿ. ಉಸುಕು ಮೊದಲು ಕಾಯಬೇಕು, ನಡುವೆ ಮುಚ್ಚಳ ತೆಗೆಯಬಾರದು, ಶೇಂಗಾ ಹುರಿದ ವಾಸನೆ ಹಿತ್ತಲಿನಿಂದ ಪಡಸಾಲೆಗೆ ಬಂದರೆ ಆಯಿತು ಎಂದು ಹೇಳಿಕೊಟ್ಟರು. ಮೊದಲ ಸಲದ್ದು ಒಂದು ಕಡೆ ಸೀದಿತು. ಅತ್ತೆ ಸೀದ ಕಡೆಯನ್ನೇ ಮೊದಲು ತಿಂದರು.

ನಳಿಗೆ ಹಳದಿಯಾಯಿತು, ಆಮೇಲೆ ಹಸಿರಾಯಿತು. ಒಂದು ಬೆಳಗ್ಗೆ ನೀಲಿಯಾಗಿಯೇ ಉಳಿಯಿತು. ಅವರು ಅದನ್ನು ಹಿಡಿದುಕೊಂಡು ಪಕ್ಕದ ಮನೆಯವರಿಗೂ ತೋರಿಸಲು ಹೊರಟದ್ದನ್ನು ನನ್ನ ಗಂಡ ಅಡ್ಡ ನಿಂತು ತಡೆಯಬೇಕಾಯಿತು. ಮುಂದಿನ ತಿಂಗಳು ಡಾಕ್ಟರು ಗಾಯ ಒತ್ತಿ ನೋಡಿ, ಕೆಂಪು ಮಾಂಸ ಬರುತ್ತಿದೆ, ಬೆರಳು ಉಳಿಯಿತು ಎಂದರು. ಅತ್ತೆ ಹಿಂದಿನ ಸಲ ಜಟಕಾದಲ್ಲಿ ಬಂದಿದ್ದವರು ಈ ಸಲ ಆಸ್ಪತ್ರೆಯಿಂದ ನಡೆದೇ ಬರುತ್ತೇನೆಂದು ಹಟ ಹಿಡಿದರು. ಅರ್ಧ ದಾರಿಗೆ ರಾಜಿಯಾದರು.

ಆಮೇಲೆ ಹತ್ತಕ್ಕೂ ಹೆಚ್ಚು ವರ್ಷ ಬದುಕಿದರು. ಸೋಮವಾರ, ಶ್ರಾವಣ ಬಿಟ್ಟರೆ ನಮ್ಮ ಹಿತ್ತಲಿನಲ್ಲಿ ಉಸುಕು ಕಾಯದ ದಿನವಿರಲಿಲ್ಲ. ನೆಂಟರಿಗೆ, ಓಣಿಗೆ, ಮಿಲ್ಲಿನವರಿಗೆ ನಮ್ಮ ಮನೆ ಕೋಟಿನ ಮೊಟ್ಟೆಯ ಮನೆಯಾಯಿತು. ಕಟ್ಟುವುದನ್ನು ನನಗೆ ಕಲಿಸಿದರು, ಆದರೂ ನಾನು ಕಟ್ಟಿದ್ದನ್ನು ಒಮ್ಮೆ ತಿರುಗಿಸಿ ನೋಡದೆ ತಟ್ಟೆಗೆ ಇಡಗೊಡಲಿಲ್ಲ. ಸಿರುಗುಪ್ಪದ ಅಕ್ಕಿ ವರ್ಷವರ್ಷವೂ ಬರುತ್ತಿತ್ತು. ಮೂಟೆ ಬಿಚ್ಚುವುದು ಅವರೇ. ಹೊಸ ಅಕ್ಕಿಯ ಅನ್ನ ಬಸಿದ ದಿನ ಬಡಿಸುವುದೂ ಅವರೇ. ಪಾತ್ರೆಯ ಮುಚ್ಚಳ ತೆಗೆದು, ಆವಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಳ್ಳುತ್ತಿದ್ದರು. ಆಮೇಲೆ ನಮಗೆ ಬಡಿಸಿ, ಅಷ್ಟರಲ್ಲಿ ಹುಟ್ಟಿದ್ದ ನಮ್ಮ ಮಕ್ಕಳು ತಟ್ಟೆಯಲ್ಲಿ ಅಗುಳು ಬಿಟ್ಟರೆ ಬೈದು, ತಮ್ಮ ತಟ್ಟೆಗೆ ಮೊಟ್ಟೆಯ ಎರಡು ಹೋಳು ಇಟ್ಟುಕೊಂಡು ಕೂರುತ್ತಿದ್ದರು. ಒಂದು ಅಗುಳು ಬಾಯಿಗೆ ಹಾಕಿಕೊಂಡದ್ದನ್ನು ನಾನು ನೋಡಿಲ್ಲ. ಹಬ್ಬದ ದಿನ ಒಂದು ತುತ್ತು ತಿನ್ನಿ ಅತ್ತೆ, ಏನೂ ಆಗುವುದಿಲ್ಲ ಎಂದು ನಾನೇ ಒತ್ತಾಯಿಸಿದ್ದುಂಟು. ಒಂದು ತುತ್ತಿಗೆ ನಿಲ್ಲುವವಳಲ್ಲ ನಾನು, ನಿನಗೆ ಗೊತ್ತಿಲ್ಲ ಎಂದು ತಟ್ಟೆ ಸರಿಸಿದರು.

ಎಂಬತ್ತರ ದಶಕದಲ್ಲಿ ಒಂದು ಬೆಳಗ್ಗೆ ಬಚ್ಚಲಿಗೆ ನಡೆದು ಹೋಗಿ, ಸ್ನಾನ ಮಾಡಿ, ನಡೆದು ಬಂದು ಮಂಚದ ಮೇಲೆ ಕೂತರು. ಎದೆ ಒತ್ತಿದ ಹಾಗಾಗುತ್ತಿದೆ ಎಂದರು. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಅವರ ಆಸೆಯಂತೆ ಸಿರುಗುಪ್ಪಕ್ಕೆ ಒಯ್ದು ಅವರ ಗದ್ದೆಯ ಬದುವಿನಲ್ಲಿ ಮಣ್ಣು ಮಾಡಿದೆವು.

ಮೂರನೆಯ ದಿನ ಹಾಲು ತುಪ್ಪ ಬಿಡುವಾಗ ಹೋದವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಇಡಬೇಕು. ನೆಂಟರ ಹೆಂಗಸರೆಲ್ಲ ಕೂತು ಮಾತಾಡಿದರು. ಕೇಳುವುದೇನು, ಕೋಟಿನ ಮೊಟ್ಟೆ ಮಾಡು, ಆಕೆಗೆ ಅದು ಅಂದರೆ ಪ್ರಾಣ, ಅಷ್ಟು ವರ್ಷ ಬೇರೇನನ್ನೂ ಮುಟ್ಟಲಿಲ್ಲವಲ್ಲ ಎಂದರು. ಕೈಮಾ ತರಿಸಲು ಒಬ್ಬರು ಎದ್ದೂ ಬಿಟ್ಟರು. ಬೇಡ ಎಂದೆ ನಾನು. ದೊಡ್ಡವರ ಮುಂದೆ ನಾನು ಹಾಗೆ ಖಡಾಖಂಡಿತವಾಗಿ ಮಾತಾಡಿದ್ದು ಅದೇ ಮೊದಲು. ಅಷ್ಟು ವರ್ಷ ಅವರು ಅನ್ನದ ಆವಿಗೆ ಮುಖ ಕೊಡುತ್ತಿದ್ದದ್ದನ್ನು ಎದುರಿಗೆ ನಿಂತು ನೋಡಿದವಳು ನಾನೊಬ್ಬಳೇ.

ಆ ವರ್ಷದ ಅಕ್ಕಿ ತೊಳೆದು ಅಲ್ಲೇ ಬದುವಿನ ಪಕ್ಕ ಮೂರು ಕಲ್ಲು ಹೂಡಿ ಅನ್ನ ಮಾಡಿದೆ. ಬಾಳೆಯೆಲೆಯ ತುಂಬ ಬಿಸಿ ಬಿಸಿ ಸುರುವಿದೆ. ಒಬ್ಬರು ತಿನ್ನುವಷ್ಟಲ್ಲ, ಇಬ್ಬರಿಗೆ ಸಾಕಾಗುವಷ್ಟು. ನಡುವೆ ಗುಳಿ ಮಾಡಿ ತುಪ್ಪ ಸುರಿದೆ.

“ಉಣ್ರಿ ಅತ್ತಿ,” ಅಂದೆ. “ಇನ್ನ ಯಾರೂ ಬ್ಯಾಡ ಅನ್ನಂಗಿಲ್ಲ.”

ಉಳಿದವರು ಕೈ ಮುಗಿದು ಮನೆ ಕಡೆ ಹೊರಟರು. ಅನ್ನದ ಆವಿ ಆರುವವರೆಗೆ ನಾನು ಅಲ್ಲೇ ಕೂತಿದ್ದೆ.